ಹಳೆಯ ಟ್ರ್ಯಾಕ್ಟರಿಗೆ ಹೊಸ ವಿದ್ಯುತ್ ಉಪಕರಣಗಳ ಜೋಡಣೆ

ಮುಳಬಾಗಿಲು ತಾಲ್ಲೂಕಿನ ಗಡಿಯಲ್ಲಿರುವ ನಂಗಲಿಯು, ಹಿಂದೆ 4ನೆಯ ರಾಷ್ಟ್ರೀಯ ಹೆದ್ದಾರಿ ಎಂದು ಕರೆಯಲಾಗುತ್ತಿದ್ದ ಬೆಂಗಳೂರು–ಮದರಾಸು ರಸ್ತೆಯ ಮೇಲಿದೆ. ಇಲ್ಲಿನ ಟೊಮೆಟೊ ಬೆಳೆಗಾರರಿಗೆ ಒಂದು ಕಡೆ ವಡ್ಡಹಳ್ಳಿ ಮತ್ತು ಕೋಲಾರದ ಮಾರುಕಟ್ಟೆಗಳು, ಗಡಿಯಾಚೆಗೆ ಪಲಮನೇರು. ಕೊಯ್ದ ಹಣ್ಣನ್ನು ಯಾವ ಪೇಟೆಗೆ ಒಯ್ಯಬೇಕೆಂದು ತಿಳಿಯಲು, ಮಳೆಯ ಮುನ್ಸೂಚನೆ ನೋಡಿ ಅಂಗಮಾರಿ ರೋಗಕ್ಕೆ ಔಷಧಿ ಸಿಂಪಡಿಸುವ ದಿನ ಗೊತ್ತುಮಾಡಲು ಮೊಬೈಲ್ ಫೋನು ಈಗ ಬೇಸಾಯದ ಸಲಕರಣೆಗಳಲ್ಲಿ ಒಂದಾಗಿದೆ. ಆದರೆ ಟ್ರೈಲರು ಎಳೆಯುವ ಟ್ರ್ಯಾಕ್ಟರು ಅನೇಕ ಮನೆಗಳಲ್ಲಿ ತಂದೆಯ ಕಾಲದ್ದು. ಅದರ ಎಂಜಿನ್ನು ಇನ್ನೂ ಗಟ್ಟಿಯಾಗಿರುತ್ತದೆ, ಬಿಡಿಭಾಗಗಳೂ ಸಿಗುತ್ತವೆ. ಮಾರುವ ಕಾರಣವೇ ಇರುವುದಿಲ್ಲ. ಇಂತಹ ಟ್ರ್ಯಾಕ್ಟರಿಗೆ ಫೋನ್ ಚಾರ್ಜರು, ಎಲ್‌ಇಡಿ ದೀಪ, ಹಾಡಿನ ಪೆಟ್ಟಿಗೆಗಳನ್ನು ಜೋಡಿಸಿದಾಗ ಚಾರ್ಜರು ಸುಡುವುದು, ವಯರು ಕರಗುವುದು, ಎಲ್ಲಕ್ಕಿಂತ ಹೆಚ್ಚಾಗಿ ಹಣ್ಣು ತುಂಬಿದ ರಾತ್ರಿ ಸೆಲ್ಫ್ ತಿರುಗದೆ ನಿಲ್ಲುವುದು ಕಂಡುಬರುತ್ತದೆ. ಬೆಳಗಿನ ಹರಾಜು ತಪ್ಪಿದರೆ ಬೆಳೆಗಾರನಿಗೆ ಆಗುವ ನಷ್ಟ ಚಾರ್ಜರಿನ ಬೆಲೆಯಲ್ಲ, ಇಡೀ ಲೋಡಿನ ಬೆಲೆ.

ದೋಷ ಟ್ರ್ಯಾಕ್ಟರಿನದೂ ಅಲ್ಲ, ಉಪಕರಣದ್ದೂ ಅಲ್ಲ. ಅವೆರಡರ ವಿದ್ಯುತ್ ಪದ್ಧತಿಗಳು ಬೇರೆ ಬೇರೆ. ಆದುದರಿಂದ ಯಾವುದನ್ನೇ ಜೋಡಿಸುವ ಮೊದಲು ಮೂರು ಸಂಗತಿಗಳನ್ನು ತಿಳಿಯಬೇಕು: ಬ್ಯಾಟರಿ ಎಷ್ಟು ವೋಲ್ಟಿನದು, ಅದರ ಯಾವ ತುದಿ ಚಾಸಿಗೆ ಸೇರಿದೆ, ಡೈನಮೋ ಎಷ್ಟು ಕೊಡಬಲ್ಲದು.

ಯಾವ ತುದಿ ಅರ್ತ್?

ಇಂದಿನ ವಾಹನಗಳಲ್ಲಿ ಬ್ಯಾಟರಿಯ ಮೈನಸ್ ತುದಿಯನ್ನು ಚಾಸಿಗೆ ಬಿಗಿದಿರುತ್ತಾರೆ. 1950–60ರ ದಶಕಗಳ ಇಂಗ್ಲೆಂಡ್ ಮೂಲದ ಅನೇಕ ಟ್ರ್ಯಾಕ್ಟರು ಮತ್ತು ಕಾರುಗಳಲ್ಲಿ ಇದು ತಿರುಗುಮುರುಗು; ಪ್ಲಸ್ ತುದಿಯೇ ಅರ್ತ್. ಮೊದಲ ಕಾಲದ ಮ್ಯಾಸಿ ಫರ್ಗ್ಯುಸನ್ 35 ಇದಕ್ಕೆ ಉದಾಹರಣೆ. ಆದರೆ ಹೆಸರು ನೋಡಿ ನಿರ್ಧರಿಸುವುದು ಸರಿಯಲ್ಲ. ನಾಲ್ವತ್ತು ಐವತ್ತು ವರ್ಷಗಳಲ್ಲಿ ಎಷ್ಟು ಕೈ ಬದಲಾಗಿವೆಯೋ, ಎಷ್ಟು ಮಂದಿ ಎಲೆಕ್ಟ್ರಿಷಿಯನ್ನರು ವಯರು ಕಿತ್ತು ಹಾಕಿದ್ದಾರೋ ಹೇಳಲಾಗದು. ಬ್ಯಾಟರಿಯಿಂದ ಚಾಸಿಗೆ ಹೋಗುವ ದಪ್ಪ ಪಟ್ಟಿ ಯಾವ ತುದಿಯಿಂದ ಹೊರಟಿದೆ ಎಂಬುದನ್ನು ಕಣ್ಣಾರೆ ನೋಡಿ, ಮೀಟರಿನಿಂದ ಖಚಿತಪಡಿಸಿಕೊಳ್ಳಬೇಕು.

ಪ್ಲಸ್ ಅರ್ತ್ ಇರುವ ಟ್ರ್ಯಾಕ್ಟರಿನ ದೀಪ, ಹಾರನ್, ಸೆಲ್ಫ್ ಮೋಟಾರುಗಳಿಗೆ ಯಾವ ತೊಂದರೆಯೂ ಇಲ್ಲ. ತೊಂದರೆ ಬರುವುದು ಹೊಸ ಉಪಕರಣಗಳಿಗೆ. ಹಾಡಿನ ಪೆಟ್ಟಿಗೆಯ ಲೋಹದ ಮೈ ಸಾಮಾನ್ಯವಾಗಿ ಅದರ ಮೈನಸ್ ತುದಿಗೇ ಸೇರಿರುತ್ತದೆ. ಅದನ್ನು ಪ್ಲಸ್ ಆಗಿರುವ ಮಡ್‌ಗಾರ್ಡಿಗೆ ಬೋಲ್ಟು ಹಾಕಿ, ಮೈನಸ್ ವಯರನ್ನು ಬ್ಯಾಟರಿಗೆ ಕೊಟ್ಟರೆ ಬ್ಯಾಟರಿಯ ಎರಡು ತುದಿಗಳನ್ನು ನೇರವಾಗಿ ಕೂಡಿಸಿದಂತೆಯೇ ಸರಿ. ಫ್ಯೂಸು ಇದ್ದರೆ ಫ್ಯೂಸು ಹೋಗುತ್ತದೆ, ಇಲ್ಲದಿದ್ದರೆ ವಯರು ಹೊತ್ತಿಕೊಳ್ಳುತ್ತದೆ. ಫೋನ್ ಚಾರ್ಜರಿನ ಸಾಕೆಟ್ಟಿನಲ್ಲಿಯೂ ಹೀಗೆಯೇ. ಅದರ ಹೊರಬಳೆ ಮೈನಸ್, ನಡುವಿನ ಮೊಳೆ ಪ್ಲಸ್. ತಗಡಿಗೆ ತೂತು ಮಾಡಿ ಕೂರಿಸಿದರೆ ಚಾರ್ಜರಿಗೆ ವಿದ್ಯುತ್ತು ತಲೆಕೆಳಗಾಗಿ ಹರಿಯುತ್ತದೆ.

ಇದಕ್ಕೆ ಸುಲಭವಾದ ಉಪಾಯವೆಂದರೆ ಸಾಕೆಟ್ಟನ್ನು ಮರದ ಹಲಗೆ ಅಥವಾ ಪ್ಲಾಸ್ಟಿಕ್ ಡಬ್ಬಿಯ ಮೇಲೆ ಕೂರಿಸಿ, ಎರಡು ವಯರುಗಳನ್ನೂ ನೇರವಾಗಿ ಬ್ಯಾಟರಿಯಿಂದಲೇ ತರುವುದು. ಫೋನು ಚಾರ್ಜು ಮಾಡುವುದಷ್ಟೇ ಉದ್ದೇಶವಾದರೆ ಇದು ಸಾಕು. ಒಂದು ಎಚ್ಚರಿಕೆ ಮಾತ್ರ ಬೇಕು. ಹೀಗೆ ಚಾರ್ಜಾಗುತ್ತಿರುವ ಫೋನಿನ ಮೈನಸ್ ಭಾಗ ಈಗ ಬ್ಯಾಟರಿಯ ಮೈನಸ್ಸಿಗೆ ಸೇರಿರುತ್ತದೆ. ಚಾಸಿಗೆ ತಾಗಿದ ಬೇರೊಂದು ಸ್ಪೀಕರಿಗೆ ಅದರಿಂದ ವಯರು ಎಳೆದರೆ ಫೋನಿನ ಮೂಲಕವೇ ಷಾರ್ಟ್ ಆಗುತ್ತದೆ. ಹೆಚ್ಚು ಉಪಕರಣಗಳು ಬೇಕೆನ್ನುವವರು ಒಳಬದಿ ಹೊರಬದಿ ಪೂರ್ತಿ ಬೇರ್ಪಟ್ಟಿರುವ ಡಿ.ಸಿ. ಕನ್ವರ್ಟರ್ ಹಾಕಿಸಬೇಕು, ಇಲ್ಲವೆ ಟ್ರ್ಯಾಕ್ಟರನ್ನೇ ಮೈನಸ್ ಅರ್ತ್‌ಗೆ ಬದಲಿಸಬೇಕು.

ಬದಲಿಸುವುದು ಹೆಚ್ಚು ಖರ್ಚಿನ ಕೆಲಸವಲ್ಲ. ಅನುಭವಿ ಎಲೆಕ್ಟ್ರಿಷಿಯನ್ ಅರ್ಧ ದಿನದಲ್ಲಿ ಮುಗಿಸಬಲ್ಲ. ಮೊದಲು ಎಲ್ಲ ಹೊಸ ಉಪಕರಣಗಳನ್ನೂ ಬಿಚ್ಚಿಡಬೇಕು. ಬ್ಯಾಟರಿಯನ್ನು ತಿರುಗಿಸಿ ಮೈನಸ್ ತುದಿಯನ್ನು ಚಾಸಿಗೆ ಸೇರಿಸಬೇಕು. ಪ್ಲಸ್ ಕಂಬ ಮೈನಸ್ ಕಂಬಕ್ಕಿಂತ ಸ್ವಲ್ಪ ದಪ್ಪವಾಗಿರುವುದರಿಂದ ಹಳೆಯ ಕ್ಲಾಂಪುಗಳು ಹೊಂದುವುದಿಲ್ಲ; ಅವನ್ನು ಬಡಿದು ಕೂರಿಸದೆ ಹೊಸದನ್ನು ಹಾಕಬೇಕು. ಆಂಪಿಯರ್ ಮೀಟರಿನ ಎರಡು ವಯರುಗಳನ್ನು ಅದಲುಬದಲು ಮಾಡಬೇಕು. ಅನಂತರ, ಎಂಜಿನ್ ಚಾಲೂ ಮಾಡುವ ಮೊದಲು, ಡೈನಮೋವಿನ ಎಫ್ ತುದಿಯ ವಯರನ್ನು ಬಿಚ್ಚಿ, ಬ್ಯಾಟರಿಯ ಪ್ಲಸ್ ತುದಿಯಿಂದ ತಂದ ಒಂದು ವಯರನ್ನು ಆ ಎಫ್ ತುದಿಗೆ ಎರಡು ಮೂರು ಸಲ ಕ್ಷಣಮಾತ್ರ ತಾಗಿಸಿ ತೆಗೆಯಬೇಕು. ಸಣ್ಣ ಕಿಡಿ ಹಾರುತ್ತದೆ. ಇದರಿಂದ ಡೈನಮೋವಿನ ಕಬ್ಬಿಣದಲ್ಲಿ ಉಳಿದಿರುವ ಅಯಸ್ಕಾಂತ ಶಕ್ತಿಯ ದಿಕ್ಕು ಬದಲಾಗುತ್ತದೆ. ಈ ಒಂದು ಹೆಜ್ಜೆಯನ್ನು ಮರೆತರೆ ಡೈನಮೋ ಹಳೆಯ ದಿಕ್ಕಿನಲ್ಲಿಯೇ ವಿದ್ಯುತ್ತು ಹುಟ್ಟಿಸಿ ಕಟೌಟಿನ ಪಾಯಿಂಟುಗಳನ್ನು ಸುಡುತ್ತದೆ.

ಹಳೆಯ ಟ್ರ್ಯಾಕ್ಟರಿಗೆ ಯಾರಾದರೂ ಈಗಾಗಲೇ ಆಲ್ಟರ್ನೇಟರ್ ಹಾಕಿಸಿದ್ದರೆ ಮೇಲಿನದಾವುದೂ ಅದಕ್ಕೆ ಅನ್ವಯಿಸುವುದಿಲ್ಲ. ಆಲ್ಟರ್ನೇಟರಿಗೆ ಬ್ಯಾಟರಿಯನ್ನು ತಿರುಗಿಸಿ ಕೊಟ್ಟರೆ ಅದರ ಡಯೋಡುಗಳು ಕ್ಷಣದಲ್ಲಿ ಸುಟ್ಟುಹೋಗುತ್ತವೆ.

ಡೈನಮೋವಿನ ಆದಾಯ–ವೆಚ್ಚ

ಆ ಕಾಲದ ಡೈನಮೋಗಳು ಒಳ್ಳೆಯ ವೇಗದಲ್ಲಿ ತಿರುಗಿದಾಗ ಸುಮಾರು 20 ಆಂಪಿಯರ್ ಕೊಡುತ್ತವೆ. 45 ವ್ಯಾಟಿನ ಎರಡು ಮುಂದೀಪಗಳು ಏಳೂವರೆ ಆಂಪಿಯರ್ ನುಂಗುತ್ತವೆ. ಹಿಂದಿನ ದೀಪಗಳಿಗೆ ಸುಮಾರು ಒಂದು. ಉಳಿದ ಹನ್ನೊಂದರಲ್ಲಿ ಸೆಲ್ಫ್ ತಿರುಗಿಸಲು ಬ್ಯಾಟರಿ ಖರ್ಚು ಮಾಡಿದ್ದನ್ನೂ ತುಂಬಿಕೊಡಬೇಕು. ಫೋನ್ ಚಾರ್ಜರು ಒಂದು ಆಂಪಿಯರಿನಷ್ಟು ತೆಗೆದುಕೊಂಡರೆ ಅದು ಲೆಕ್ಕಕ್ಕೇ ಇಲ್ಲ. 100 ವ್ಯಾಟಿನ ಹಾಡಿನ ಪೆಟ್ಟಿಗೆ ಪೂರ್ಣ ದನಿಯಲ್ಲಿ ಎಂಟು ಆಂಪಿಯರಿಗೂ ಹೆಚ್ಚು ಕೇಳುತ್ತದೆ. (ಉಳುವವನಿಗೆ ಹಾಡು ಬೇಡವೆಂದಲ್ಲ, ಪಕ್ಕದ ಹೊಲದವನಿಗೂ ಕೇಳಿಸಬೇಕೆಂಬ ಹಟ ಬ್ಯಾಟರಿಗೆ ದುಬಾರಿ.)

ಇದು ಹೊಲದಲ್ಲಿ ಉಳುವಾಗಿನ ಲೆಕ್ಕ. ಮಾರುಕಟ್ಟೆಯ ಮುಂದೆ ಸಾಲಿನಲ್ಲಿ ನಿಂತು ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗ ಡೈನಮೋ ಏನನ್ನೂ ಕೊಡುವುದಿಲ್ಲ. ಕಟೌಟ್ ಬಿಟ್ಟುಕೊಂಡು ಎಲ್ಲ ಹೊರೆಯೂ ಬ್ಯಾಟರಿಯ ಮೇಲೆ ಬೀಳುತ್ತದೆ. ಆಲ್ಟರ್ನೇಟರಿಗೂ ಡೈನಮೋವಿಗೂ ಇರುವ ದೊಡ್ಡ ವ್ಯತ್ಯಾಸವೇ ಇದು. 88 ಆಂಪಿಯರ್-ಗಂಟೆಯ ಹೊಸ ಬ್ಯಾಟರಿಯೂ 10 ಆಂಪಿಯರ್ ಹೊರೆಯಲ್ಲಿ ನಾಲ್ಕು ಗಂಟೆ ನಿಂತರೆ ಅರ್ಧದಷ್ಟು ಬರಿದಾಗುತ್ತದೆ. ಮೂರು ವರ್ಷ ದುಡಿದ ಬ್ಯಾಟರಿ ಮಾರ್ಗಶಿರದ ಚಳಿಯಲ್ಲಿ ಅಷ್ಟರಲ್ಲೇ ಕೈ ಎತ್ತುತ್ತದೆ. ಎಂಜಿನ್ ನಿಲ್ಲಿಸಿ ಸ್ವಲ್ಪ ಹೊತ್ತಾದ ಮೇಲೆ ಮೀಟರು 12.6 ವೋಲ್ಟ್ ತೋರಿಸಿದರೆ ಬ್ಯಾಟರಿ ತುಂಬಿದೆ, 12.2 ಎಂದರೆ ಸುಮಾರು ಅರ್ಧ. ಅದಕ್ಕಿಂತ ಕೆಳಗಿದ್ದರೆ ಹಾಡನ್ನೂ ಹೆಚ್ಚಿನ ದೀಪಗಳನ್ನೂ ಆರಿಸುವುದು ಒಳಿತು. ಮುಂದೀಪಗಳಿಗೆ ಬದಲಾಗಿ ಹೊಲದ ಕೆಲಸಕ್ಕೆ 18 ವ್ಯಾಟಿನ ಎರಡು ಎಲ್‌ಇಡಿ ದೀಪಗಳನ್ನು ಬಳಸಿದರೆ ಮೂರು ಆಂಪಿಯರ್ ಸಾಕು. ಹೆದ್ದಾರಿಗೆ ಬಂದಾಗ ಅವನ್ನು ಆರಿಸಬೇಕು. ಎದುರಿನವನ ಕಣ್ಣು ಕುಕ್ಕುತ್ತದೆ.

ಹಳೆಯ ರೆಗ್ಯುಲೇಟರು ಪಾಯಿಂಟುಗಳ ಬಡಿತದಿಂದ ಕೆಲಸ ಮಾಡುವುದರಿಂದ ವೋಲ್ಟೇಜು ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ. ಸೆಲ್ಫ್ ಒತ್ತಿದಾಗ 9ಕ್ಕೂ ಕೆಳಗಿಳಿಯಬಹುದು. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಕ್ಲಾಂಪು ಸಡಿಲವಾದರೆ ಒಮ್ಮೆಲೇ ಮೇಲಕ್ಕೆ ನೆಗೆಯುತ್ತದೆ. ಫೋನುಗಳನ್ನು ಕೊಲ್ಲುವುದು ಹೆಚ್ಚಾಗಿ ಈ ನೆಗೆತವೇ. ಆದುದರಿಂದ ಎಂಜಿನ್ ಚಾಲೂ ಆದ ಮೇಲೆಯೇ ಚಾರ್ಜರು ಸಿಕ್ಕಿಸಬೇಕು, 24 ವೋಲ್ಟ್‌ವರೆಗೆ ತಡೆಯುವ ಚಾರ್ಜರನ್ನೇ ಕೊಳ್ಳಬೇಕು.

ಆರು ವೋಲ್ಟಿನ ವಾಹನಗಳು

ಇವು ಈಗ ಅಪರೂಪ. 1940ರ ದಶಕದ ವಿಲ್ಲಿಸ್ ಜೀಪುಗಳನ್ನು ಉಳಿಸಿಕೊಂಡವರಿಗೆ ಮಾತ್ರ ಈ ಪ್ರಶ್ನೆ ಬರುತ್ತದೆ. 6 ವೋಲ್ಟನ್ನು 12ಕ್ಕೆ ಏರಿಸುವ ಕನ್ವರ್ಟರ್ ದೊರೆಯುತ್ತದೆ; ಆದರೆ ಅಷ್ಟೇ ವ್ಯಾಟಿಗೆ ಎರಡರಷ್ಟು ಆಂಪಿಯರ್ ಹರಿಯಬೇಕಾಗುತ್ತದೆ. ಹೋಗಿಬರುವ ದೂರ ಒಟ್ಟು 10 ಮೀಟರ್ ಇರುವ, 1 ಚದರ ಮಿಲಿಮೀಟರ್ ದಪ್ಪದ ತಾಮ್ರದ ವಯರಿನಲ್ಲಿ 10 ಆಂಪಿಯರ್ ಹರಿದರೆ ವಯರಿನಲ್ಲೇ ಒಂದು ಮುಕ್ಕಾಲು ವೋಲ್ಟ್ ಕಳೆದುಹೋಗುತ್ತದೆ. ಆರರಲ್ಲಿ ಇದು ಹೆಚ್ಚುಕಡಿಮೆ ಮೂರನೆಯ ಒಂದು ಪಾಲು. 2.5 ಚದರ ಮಿಲಿಮೀಟರ್ ವಯರಾದರೆ ನಷ್ಟ 0.7 ವೋಲ್ಟ್ ಮಾತ್ರ.

ವಯರು, ಫ್ಯೂಸು

ರಾಗಿ ಹುಲ್ಲು ಹೇರುವ ವಾಹನದಲ್ಲಿ ಫ್ಯೂಸಿಲ್ಲದ ವಯರು ಇರಲೇಕೂಡದು. ಹೊಸದಾಗಿ ಎಳೆಯುವ ಪ್ರತಿ ವಯರಿಗೂ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸು ಹಾಕಬೇಕು. ಉಪಕರಣದ ಬಳಿ ಹಾಕಿದ ಫ್ಯೂಸು ಉಪಕರಣವನ್ನು ಕಾಯುತ್ತದೆಯೇ ಹೊರತು ನಡುವೆ ಇಲಿ ಕಡಿದ ವಯರನ್ನು ಕಾಯುವುದಿಲ್ಲ. ಬ್ಯಾಟರಿ ಸಿಂಪಡಣೆ ಯಂತ್ರದ ಸಣ್ಣ ಬ್ಯಾಟರಿಯನ್ನು ಟ್ರ್ಯಾಕ್ಟರ್ ಬ್ಯಾಟರಿಗೆ ನೇರವಾಗಿ ಕೂಡಿಸಿ ಚಾರ್ಜು ಮಾಡುವ ಅಭ್ಯಾಸ ಕೆಲವೆಡೆ ಇದೆ. ಬರಿದಾದ 8 ಆಂಪಿಯರ್-ಗಂಟೆಯ ಬ್ಯಾಟರಿಗೆ ದೊಡ್ಡ ಬ್ಯಾಟರಿಯಿಂದ ಒಮ್ಮೆಲೇ ವಿದ್ಯುತ್ತು ನುಗ್ಗಿ ಅದು ಕಾದು ಉಬ್ಬುತ್ತದೆ. ಅದನ್ನು ಅದರದೇ ಚಾರ್ಜರಿನಿಂದ ಮನೆಯಲ್ಲಿ ತುಂಬಿಸಬೇಕು.

ಬ್ಯಾಟರಿ ಬಿಚ್ಚುವಾಗ ಅರ್ತ್ ಕ್ಲಾಂಪನ್ನು ಮೊದಲು ತೆಗೆದು, ಹಾಕುವಾಗ ಕೊನೆಗೆ ಹಾಕಬೇಕು. ಆಗ ಸ್ಪ್ಯಾನರು ಅಕಸ್ಮಾತ್ ಚಾಸಿಗೆ ತಗುಲಿದರೂ ಕಿಡಿ ಹಾರುವುದಿಲ್ಲ. ಹುಡುಗರು ಇದನ್ನು “ಮೈನಸ್ ಮೊದಲು” ಎಂದು ಕಲಿತಿರುತ್ತಾರೆ. ಪ್ಲಸ್ ಅರ್ತ್ ಟ್ರ್ಯಾಕ್ಟರಿನಲ್ಲಿ ಮೊದಲು ಬಿಚ್ಚಬೇಕಾದದ್ದು ಪ್ಲಸ್. ಯಾವ ತುದಿ ಅರ್ತ್ ಎಂಬುದನ್ನು ಬ್ಯಾಟರಿ ಪೆಟ್ಟಿಗೆಯ ಮೇಲೆ ಬಣ್ಣದಲ್ಲಿ ಬರೆದಿಟ್ಟರೆ ಮುಂದೆ ಕೈಹಾಕುವವರಿಗೆ ಅನುಕೂಲವಾಗುತ್ತದೆ.