ಮನೆಯವರೆಲ್ಲರ ಕಾಣಿಕೆ

ಓದತಕ್ಕ ವೇದಭಾಗಗಳು: 1 ಪೂರ್ವಕಾಲವೃತ್ತಾಂತ 29:1–19, ಮಾರ್ಕ 7:9–13, ಅಪೊಸ್ತಲರ ಕೃತ್ಯಗಳು 10:1–4.

ಕರ್ತನ ದಿನದಲ್ಲಿ ನಮ್ಮ ಗ್ರಾಮಸಭೆಗಳೊಳಗೆ ಕಾಣಿಕೆಯ ತಟ್ಟೆಯು ಬರುವಾಗ ನಡೆಯುವದನ್ನು ನೀವೆಲ್ಲರೂ ನೋಡಿದ್ದೀರಿ. ತಂದೆಯು ಅಂಗಿಯ ಜೇಬಿನಿಂದ ಒಂದು ನಾಣ್ಯವನ್ನು ತೆಗೆದು ಮಗುವಿನ ಕೈಯಲ್ಲಿ ಇಡುವನು. ಮಗುವು ಅದನ್ನು ತಟ್ಟೆಗೆ ಹಾಕಿ ಅದರ ಶಬ್ದಕ್ಕೆ ನಗುವದು. ತಾಯಿಯು ಸುಮ್ಮನೆ ಕೂತಿರುವಳು, ಯಾಕಂದರೆ ಗಂಡನು ಕೊಟ್ಟದ್ದರಲ್ಲಿ ಆಕೆಯದೂ ಸೇರಿತೆಂದು ಎಲ್ಲರೂ ಎಣಿಸುವರು. ಹಿಂದಿನ ಚಾಪೆಯ ಮೇಲಿರುವ ಅಜ್ಜಿಯ ಮುಂದೆ ತಟ್ಟೆಯನ್ನು ಹಿಡಿಯುವದಕ್ಕೆ ಸಭೆಯ ಹಿರಿಯನು ನಾಚಿಕೊಂಡು ಮುಂದಕ್ಕೆ ಹೋಗಿಬಿಡುವನು. ಇದೇ ಮನೆಯವರೆಲ್ಲರ ಕಾಣಿಕೆ ಎಂದು ನಾವೂ ಬಹುಕಾಲ ನಂಬಿದ್ದೆವು. ಒಂದು ಭಾನುವಾರ ನಮ್ಮ ಸ್ವಂತ ಮಗನು, ಆಗ ಆರು ವರುಷದವನು, ನಾಣ್ಯವನ್ನು ಮುಷ್ಟಿಯಲ್ಲಿ ಹಿಡುಕೊಂಡು, "ಇದು ನನ್ನದೋ ನಿಮ್ಮದೋ?" ಎಂದು ಕೇಳಿದನು. "ನಿನ್ನದೇ" ಅಂದೆವು. "ಹಾಗಾದರೆ ನಾನು ಇಟ್ಟುಕೊಳ್ಳುತ್ತೇನೆ" ಅಂದನು. ಸಭೆಯ ಮುಂದೆ ನಮಗೆ ನಾಚಿಕೆಯಾಯಿತು. ಆದರೆ ಹುಡುಗನ ತರ್ಕದಲ್ಲಿ ತಪ್ಪೇನೂ ಇರಲಿಲ್ಲ. ಅದುವರೆಗೆ ಅವನ ಕೈಯು ನಮ್ಮ ಜೇಬಿಗೂ ತಟ್ಟೆಗೂ ನಡುವೆ ಹಾಕಿದ ಒಂದು ಹಲಗೆಯಾಗಿತ್ತೇ ಹೊರತು ಕೊಡುವವನ ಕೈಯಾಗಿರಲಿಲ್ಲ.

ದೇವದರ್ಶನದ ಗುಡಾರಕ್ಕಾಗಿ ಇಸ್ರಾಯೇಲ್ಯರು ಕಾಣಿಕೆಗಳನ್ನು ತಂದ ಸಂಗತಿಯನ್ನು ವಿಮೋಚನಕಾಂಡದ 35ನೆಯ ಅಧ್ಯಾಯದಲ್ಲಿ ಓದಿರಿ. ಅಲ್ಲಿ ಪ್ರಧಾನರು ರತ್ನಗಳನ್ನೂ ಸುಗಂಧದ್ರವ್ಯಗಳನ್ನೂ ತಂದರು. ಸ್ತ್ರೀಯರು ತಮ್ಮ ಕೈಗಳಿಂದ ನೂತ ನೂಲನ್ನು ತಂದರು. ಕೆಲವರು ಆಡಿನ ಕೂದಲನ್ನು ನೂತರು. ಗಂಡನು ತಂದ ಚಿನ್ನದೊಳಗೆ ಹೆಂಡತಿಯ ನೂಲನ್ನು ಸೇರಿಸಿ ಒಂದೇ ಲೆಕ್ಕವಾಗಿ ಬರೆಯಲಿಲ್ಲ. ಯಾರ ಕೈಯಲ್ಲಿ ಯಾವ ಕೆಲಸವೋ ಆ ಕೈಯಿಂದ ಆ ಕಾಣಿಕೆಯು ಬಂತು. ಆಡಿನ ಕೂದಲನ್ನು ಸಹ ಪವಿತ್ರಾತ್ಮನು ಗ್ರಂಥದಲ್ಲಿ ಬರೆಯಿಸಿದ್ದಾನೆಂಬದು ನಮ್ಮ ಹಳ್ಳಿಯ ತಾಯಂದಿರಿಗೆ ಎಷ್ಟು ಧೈರ್ಯವನ್ನು ಕೊಡತಕ್ಕದ್ದಾಗಿದೆ!

ಅರಸನಾದ ದಾವೀದನ ಸಂಗತಿಯು ಇನ್ನೂ ಗಂಭೀರವಾದದ್ದು. ದೇವಾಲಯವನ್ನು ಕಟ್ಟುವದಕ್ಕೆ ಅವನಿಗೆ ಅಪ್ಪಣೆಯಾಗಲಿಲ್ಲ; ಮಗನಾದ ಸೊಲೊಮೋನನು ಕಟ್ಟಬೇಕೆಂದು ಹೇಳಲ್ಪಟ್ಟಿತು. ನಮ್ಮಲ್ಲಿ ಒಬ್ಬನಾದರೆ, "ನಾನು ಕಟ್ಟದ ಮನೆಗೆ ನಾನೇಕೆ ಕೊಡಲಿ?" ಎನ್ನುತ್ತಿದ್ದನು. ದಾವೀದನೋ ತಾನು ಕಣ್ಣಾರೆ ನೋಡದ ಆಲಯಕ್ಕೋಸ್ಕರ ತನ್ನ ಸ್ವಂತ ಸೊತ್ತಿನಿಂದ ಓಫೀರಿನ ಚಿನ್ನದಲ್ಲಿ 3000 ತಲಾಂತುಗಳನ್ನೂ ಚೊಕ್ಕ ಬೆಳ್ಳಿಯಲ್ಲಿ 7000 ತಲಾಂತುಗಳನ್ನೂ ಕೊಟ್ಟನು. ಅದನ್ನು ಗುಟ್ಟಾಗಿ ಇಡದೆ ಮಗನ ಮುಂದೆಯೂ ಸಭೆಯ ಮುಂದೆಯೂ ಹೇಳಿದನು. ಇವೆಲ್ಲವು ದೇವರ ಕೈಯಿಂದಲೇ ತನಗೆ ಬಂದವು, ದೇವರದನ್ನೇ ದೇವರಿಗೆ ಕೊಟ್ಟೆನು ಎಂದು ಪ್ರಾರ್ಥಿಸಿ, ಆಮೇಲೆ ಮಗನ ಹೃದಯಕ್ಕಾಗಿ ಬೇಡಿಕೊಂಡನು. ಚಿನ್ನವನ್ನು ಮಾತ್ರ ಬಿಟ್ಟುಹೋದರೆ ಸಾಲದು, ಚಿನ್ನವು ಯಾಕೆ ಕೊಡಲ್ಪಟ್ಟಿತೆಂಬದನ್ನೂ ಮಗನು ಕೇಳಿರಬೇಕೆಂದು ಅವನು ತಿಳಿದಿದ್ದನು.

ಇನ್ನು ನಮ್ಮ ತಪ್ಪನ್ನು ಮುಚ್ಚಿಡದೆ ಹೇಳುವೆವು. ಕೆಲವು ವರುಷಗಳ ಹಿಂದೆ ಪ್ರಾರ್ಥನಾಲಯದ ಹಂಚುಗಳನ್ನು ಬದಲಾಯಿಸುವ ಆಲೋಚನೆಯು ನಡೆದಾಗ, ನೆರೆದವರ ಮುಂದೆ ನಾವು ಎದ್ದು ನಿಂತು ಒಂದು ದೊಡ್ಡ ಮೊತ್ತವನ್ನು ವಾಗ್ದಾನಮಾಡಿದೆವು. ಉಪದೇಶಿಯೇ ಇಷ್ಟು ಕೊಟ್ಟನೆಂದು ಎಲ್ಲರೂ ಹೊಗಳಿದರು. ಆ ಹಣವು ಎಲ್ಲಿಯದು? ನಮ್ಮ ತಾಯಿಯವರ ಕಣ್ಣಿನ ಪೊರೆಯನ್ನು ತೆಗೆಸುವದಕ್ಕೆಂದು ನಮ್ಮ ಮನೆಯಾಕೆಯು ಹಾಲು ಮಾರಿ ಸ್ವಲ್ಪ ಸ್ವಲ್ಪವಾಗಿ ಕೂಡಿಸಿಟ್ಟದ್ದು. ಆಕೆಯನ್ನು ನಾವು ಕೇಳಲಿಲ್ಲ, ತಾಯಿಯವರನ್ನಂತೂ ಕೇಳಲೇ ಇಲ್ಲ. ಹಂಚುಗಳು ಬಂದವು, ತಾಯಿಯವರು ಇನ್ನೊಂದು ವರುಷ ಗೋಡೆಯನ್ನು ಹಿಡುಕೊಂಡು ನಡೆದರು. ತಂದೆತಾಯಿಗಳಿಗೆ ಸಲ್ಲತಕ್ಕದ್ದನ್ನು ಕೊರ್ಬಾನ್ ಎಂದು ಹೇಳಿ ದೇವರಿಗೆ ಮೀಸಲಿಟ್ಟು, ಅವರಿಗೆ ಏನೂ ಮಾಡದೆ ಬಿಡುವವರನ್ನು ಕರ್ತನು ಗದರಿಸಿದನಲ್ಲವೇ? ಆ ಭಾಗದ ಮೇಲೆ ನಾವು ಎಷ್ಟೋ ಸಾರಿ ಪ್ರಸಂಗಮಾಡಿದ್ದೆವು.

ಆದರೆ ನಮ್ಮ ಎದೆಗೆ ನಾಟಿದ್ದು ತಾಯಿಯವರ ಮಾತು. ಸಂಗತಿಯು ತಿಳಿದಾಗ ಅವರು ಸಿಟ್ಟು ಮಾಡಲಿಲ್ಲ. "ನನ್ನನ್ನು ಕೇಳಿದ್ದರೆ ಅರ್ಧವನ್ನು ನಾನೇ ಕೊಡುತ್ತಿದ್ದೆನಲ್ಲಾ, ಮಗನೇ" ಅಂದರು. ಅವರ ದೃಷ್ಟಿಯನ್ನು ಒಂದು ವರುಷ ತಡೆದದ್ದು ಒಂದು ತಪ್ಪು. ಅವರು ಸ್ವಂತ ಮನಸ್ಸಿನಿಂದ ಕೊಡಬಹುದಾಗಿದ್ದ ಕಾಣಿಕೆಯನ್ನು ಅವರ ಕೈಯಿಂದ ಕಿತ್ತುಕೊಂಡು ನಮ್ಮ ಹೆಸರಿನಲ್ಲಿ ಹಾಕಿದ್ದು ಅದಕ್ಕಿಂತ ದೊಡ್ಡ ತಪ್ಪು. ಆ ಬಡ ವಿಧವೆಯ ಎರಡು ಕಾಸುಗಳನ್ನು ಅವಳ ಮಗನು ಅವಳಿಗೆ ತಿಳಿಯದೆ ತೆಗೆದು ಬೊಕ್ಕಸದ ಪೆಟ್ಟಿಗೆಯಲ್ಲಿ ಹಾಕಿದ್ದರೆ ಕರ್ತನು ಶಿಷ್ಯರನ್ನು ಕರೆದು ಏನು ತೋರಿಸುತ್ತಿದ್ದನು?

ಸಣ್ಣ ಕೈಗಳ ಸಣ್ಣ ಕಾಣಿಕೆಯಿಂದ ಏನಾದೀತು ಎಂದು ಕೆಲವರು ಕೇಳುವರು. ನಮ್ಮ ಕನ್ನಡ ಸೀಮೆಯ ಸಭೆಗಳೇ ಇದಕ್ಕೆ ಉತ್ತರವಾಗಿವೆ. ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೂ, 1837ರಲ್ಲಿ ಧಾರವಾಡಕ್ಕೂ, 1839ರಲ್ಲಿ ಹುಬ್ಬಳ್ಳಿಗೂ ಬಂದರು. ಅವರ ಶಾಲೆಗಳಿಗೂ ಉಪದೇಶಿಗಳಿಗೂ ಹಣವನ್ನು ಕಳುಹಿಸಿದವರೆಲ್ಲರೂ ಐಶ್ವರ್ಯವಂತರೆಂದು ನಮ್ಮ ಹಿರಿಯರು ಭಾವಿಸಿದ್ದರು. ಹಾಗಲ್ಲ. 1855ರಲ್ಲಿ ಬಾಸೆಲ್ ಪಟ್ಟಣದ ವರ್ತಕರಾದ ಕಾರ್ಲ್ ಸರಸೀನ್ ಎಂಬವರು ಅರ್ಧ ಬಾಟ್ಸೆನ್ ಕಾಣಿಕೆ ಎಂಬ ಒಂದು ಕ್ರಮವನ್ನು ಹುಟ್ಟಿಸಿದರು. ಅರ್ಧ ಬಾಟ್ಸೆನ್ ಅಂದರೆ ಐದು ರಾಪ್ಪೆನುಗಳು. ಬಡವರೂ ವಾರಕ್ಕೊಂದು ಸಾರಿ ಕೊಡಬಹುದಾದಷ್ಟು ಚಿಕ್ಕ ಹಣ. ಅದನ್ನು ಕೂಡಿಸುವವರು ವಾರವಾರ ಹೋಗಿ ಕೂಡಿಸುತ್ತಿದ್ದರು. ಹೀಗೆ ಕೂಡಿದ ಕಾಸುಗಳು ಸಮುದ್ರವನ್ನು ದಾಟಿ ಬಂದು, ನಮ್ಮ ಅಜ್ಜಂದಿರಿಗೆ ಅಕ್ಷರವನ್ನು ಕಲಿಸಿದವು. 1914ರಲ್ಲಿ ಮಹಾಯುದ್ಧವು ಆರಂಭವಾಗಿ ಆ ಸಹಾಯದ ದಾರಿಯು ಕಡಿದಾಗಲೇ, ತಾವೇ ಕೊಡುವದನ್ನು ಇನ್ನೂ ಸರಿಯಾಗಿ ಕಲಿತಿಲ್ಲವೆಂದು ಅನೇಕ ಸಭೆಗಳಿಗೆ ತಿಳಿದುಬಂತು.

ಕೊಡುವದನ್ನು ಕಲಿಯುವ ಸ್ಥಳವು ಆಲಯಕ್ಕಿಂತ ಮೊದಲು ಒಲೆಯ ಬಳಿಯಲ್ಲಿದೆ. ಮಿಜೋರಾಮ್ ಸೀಮೆಯನ್ನು ಲುಶಾಯಿ ಬೆಟ್ಟಗಳೆಂದು ಕರೆಯುತ್ತಿದ್ದ ಕಾಲದಲ್ಲಿ, 1910ರಲ್ಲಿ, ಅಲ್ಲಿಯ ಕ್ರೈಸ್ತ ಸ್ತ್ರೀಯರು ಹಿಡಿಯಕ್ಕಿಯ ಕ್ರಮವನ್ನು ಆರಂಭಿಸಿದರು. ಅಡಿಗೆಗೆ ಅಕ್ಕಿಯನ್ನು ಅಳೆಯುವಾಗಲೆಲ್ಲಾ ಒಂದು ಹಿಡಿಯನ್ನು ಬೇರೆ ಪಾತ್ರೆಯಲ್ಲಿ ಹಾಕುವರು. ಸಭೆಯ ಸ್ತ್ರೀಯರು ಅದನ್ನು ಮನೆಮನೆಯಿಂದ ಕೂಡಿಸಿ ಮಾರುವರು. ಆ ಹಣವು ಸುವಾರ್ತೆಯ ಕೆಲಸಕ್ಕೆ ಹೋಗುವದು. ನೂರು ವರುಷಗಳು ದಾಟಿದರೂ ಈ ಕ್ರಮವು ನಿಂತಿಲ್ಲ. ಇದರ ಬಲವು ಎಲ್ಲಿದೆಯೆಂದರೆ, ಅಕ್ಕಿಯನ್ನು ಅಳೆಯುವ ಅಜ್ಜಿಯ ಬಳಿಯಲ್ಲಿ ಮೊಮ್ಮಗಳು ಕೂತಿರುತ್ತಾಳೆ. ಅವಳಿಗೆ ಯಾರೂ ಪಾಠವನ್ನು ಹೇಳಬೇಕಾಗಿಲ್ಲ. ತಿಮೊಥೆಯನಲ್ಲಿದ್ದ ನಂಬಿಕೆಯು ಮೊದಲು ಅಜ್ಜಿಯಾದ ಲೋವಿಯಲ್ಲಿಯೂ ತಾಯಿಯಾದ ಯೂನಿಕೆಯಲ್ಲಿಯೂ ಇತ್ತೆಂದು ಪೌಲನು ಬರೆದನಷ್ಟೆ. ಜೋಳದ ಸೀಮೆಯವರು ಹಿಡಿ ಜೋಳವನ್ನು ಇಡಲಿ, ರಾಗಿಯವರು ರಾಗಿಯನ್ನು ಇಡಲಿ.

ಹಾಗಾದರೆ ಮನೆಯಲ್ಲಿ ಹೇಗೆ ಆರಂಭಿಸಬೇಕು? ಸುಗ್ಗಿಯ ಕಾಲದಲ್ಲಿ ಕಾಳು ಕಣದಲ್ಲಿರುವಾಗಲೇ, ಚೀಲಕ್ಕೆ ತುಂಬುವದಕ್ಕಿಂತ ಮೊದಲು, ಒಂದು ಸಾಯಂಕಾಲ ಮನೆಯವರೆಲ್ಲರೂ ಕೂಡಿ ಕೂತುಕೊಳ್ಳಿರಿ. ಎಷ್ಟು ಬೆಳೆಯಿತು, ಎಷ್ಟು ಸಾಲವಿದೆ, ಬೀಜಕ್ಕೆ ಎಷ್ಟು ಬೇಕು ಎಂಬದನ್ನು ಮಕ್ಕಳ ಮುಂದೆಯೇ ಹೇಳಿರಿ. ಸಾಹುಕಾರನಿಂದ ಸಾಲ ತಂದು ಕಾಣಿಕೆ ಕೊಡಬೇಡಿರಿ. ಒಬ್ಬನಿಗೆ ಇರುವದಕ್ಕೆ ತಕ್ಕ ಹಾಗೆ ಸಮರ್ಪಿತವಾಗುವದೇ ಹೊರತು ಇಲ್ಲದ್ದಕ್ಕೆ ತಕ್ಕ ಹಾಗೆ ಅಲ್ಲವೆಂಬ ಅರ್ಥದಲ್ಲಿ ಪೌಲನು ಕೊರಿಂಥದವರಿಗೆ ಬರೆದಿದ್ದಾನೆ. ಆಮೇಲೆ ಮುದುಕರನ್ನು ಮೊದಲು ಕೇಳಿರಿ. ಮಕ್ಕಳಿಗೆ ಕೊಡುವದಕ್ಕಾಗಿ ಹಣವನ್ನು ಕೊಡದೆ, ತಮ್ಮದೆಂದು ಹೇಳಬಹುದಾದ ಒಂದನ್ನು ಕೊಡಿರಿ: ಒಂದು ಕೋಳಿಮರಿ, ಹಿತ್ತಲಿನ ಒಂದು ಬದನೆಯ ಗಿಡ. ಅದರ ಫಲವನ್ನು ಇಟ್ಟುಕೊಳ್ಳುವದಕ್ಕೂ ಅವರಿಗೆ ನಿಜವಾದ ಸ್ವಾತಂತ್ರ್ಯವಿರಲಿ. ನಮ್ಮ ಮಗನು ಮೊದಲನೆಯ ಕೋಳಿಯ ಮೊಟ್ಟೆಗಳನ್ನೆಲ್ಲಾ ತಾನೇ ತಿಂದುಬಿಟ್ಟನು. ಎರಡನೆಯ ವರುಷ ನೆರೆಮನೆಯ ಬಾಣಂತಿಗೆ ನಾಲ್ಕು ಮೊಟ್ಟೆಗಳನ್ನು ನಮಗೆ ಹೇಳದೆ ಕೊಟ್ಟು ಬಂದನು.

ಕಡೆಗೆ ಒಂದು ಕಷ್ಟವಾದ ಪ್ರಶ್ನೆ. ನಮ್ಮ ಅನೇಕ ಮನೆಗಳಲ್ಲಿ ಮಗನೂ ಸೊಸೆಯೂ ದೀಕ್ಷಾಸ್ನಾನವನ್ನು ಹೊಂದಿದ್ದಾರೆ, ವೃದ್ಧಳಾದ ತಾಯಿಯು ಹೊಂದಿಲ್ಲ. ಇಂಥ ಒಬ್ಬ ತಾಯಿಯು ಸೊಸೆಯು ಹಿಡಿಯಕ್ಕಿ ಇಡುವದನ್ನು ನೋಡಿ, ತಾನೂ ದಿನಾಲು ಒಂದು ಹಿಡಿಯನ್ನು ಅದೇ ಮಡಕೆಯಲ್ಲಿ ಹಾಕುತ್ತಾ ಬಂದಳು. ಇದನ್ನು ಸಭೆಯು ಅಂಗೀಕರಿಸಬಹುದೋ ಎಂದು ಮಗನು ನಮ್ಮ ಬಳಿಗೆ ಬಂದು ಕೇಳಿದನು. ನಾವು ಅವಳ ಬಳಿಗೆ ಹೋಗಿ ಮಾತಾಡಿದೆವು. ತನ್ನ ಅತ್ತೆಯ ಕಾಲದಿಂದಲೂ ಬಾಗಲಿಗೆ ಬಂದವನನ್ನು ಬರಿಗೈಯಿಂದ ಕಳುಹಿಸಿದ್ದಿಲ್ಲ, ಮೊರದಲ್ಲಿ ಒಂದು ಹಿಡಿ ಯಾವಾಗಲೂ ಇರುತ್ತಿತ್ತು ಎಂದು ಅವಳು ಹೇಳಿದಳು. ಸುವಾರ್ತೆಯು ನಮ್ಮ ಊರಿಗೆ ಬರುವ ಮೊದಲೇ ನಮ್ಮ ಅಜ್ಜಿಯಂದಿರು ಕೊಡುವದನ್ನು ಬಲ್ಲವರಾಗಿದ್ದರೆಂಬದನ್ನು ನಾವು ಮರೆತುಬಿಟ್ಟಿದ್ದೆವು. ಕೊರ್ನೇಲ್ಯನ ದಾನಧರ್ಮಗಳು ಅವನು ಸ್ನಾನವನ್ನು ಹೊಂದುವದಕ್ಕಿಂತ ಮುಂಚೆಯೇ ದೇವರ ಸನ್ನಿಧಿಗೆ ಜ್ಞಾಪಕಾರ್ಥವಾಗಿ ಏರಿಬಂದವೆಂದು ದೇವದೂತನು ಹೇಳಿದನು. ಆ ಮಗನಿಗೆ ನಾವು ಆ ಅಧ್ಯಾಯವನ್ನು ಓದಿ ಹೇಳಿದೆವು. ಆ ವರುಷದ ಸುಗ್ಗಿಯ ಹಬ್ಬದಲ್ಲಿ ಅವರ ಮನೆಯ ಮಡಕೆಯು ಮೇಜಿನ ಮುಂದೆ ಬಂತು. ಮುದುಕಿಯು ತಾನೇ ಅದನ್ನು ಹೊತ್ತು ತಂದಳು. ಅವಳ ಅಕ್ಕಿಯನ್ನು ನಾವು ಬೇರೆಯಾಗಿ ಅಳೆಯಲಿಲ್ಲ.