ಬೆಳಗೆದ್ದು ಮೊದಲಿಗೇ ಕಾಲ್ಬೆರಳು ಮುಟ್ಟಬೇಡಿ

ಹೊಸದಾಗಿ ಯೋಗ ಹಿಡಿದವರು ವಾರ ತುಂಬುವ ಮೊದಲೇ ‘ಟೊಂಕ ಹಿಡೀತ್ರಿ’ ಎಂದು ಬಿಟ್ಟುಬಿಡುವುದನ್ನು ಮಹಾರಾಷ್ಟ್ರದ ದಾಳಿಂಬ, ಉಮರ್ಗಾ, ನಿಲಂಗಾ, ಉದಗೀರ ಕಡೆಯ ನಮ್ಮ ಕನ್ನಡದ ಮನೆಗಳಲ್ಲಿ ಮೇಲಿಂದ ಮೇಲೆ ಕಾಣುತ್ತೇನೆ. ವಿಚಾರಿಸಿದರೆ ಎಲ್ಲರೂ ಹೇಳುವುದು ಒಂದೇ ತೆರ. ಮುಂಜಾನೆ ಐದಕ್ಕೆ ಎದ್ದಿದ್ದಾರೆ, ಮುಖ ತೊಳೆದಿದ್ದಾರೆ, ಮೊಬೈಲಿನಲ್ಲಿ ಕಂಡಂತೆ ಮೊಣಕಾಲು ಬಿಗಿದು ನಿಂತು ಮುಂದಕ್ಕೆ ಬಾಗಿ ಕಾಲ್ಬೆರಳು ಮುಟ್ಟಲು ಹೋಗಿದ್ದಾರೆ. ಮೊದಲ ದಿನ ಗೇಣು ದೂರ ಉಳಿಯಿತು, ಎರಡನೆಯ ದಿನ ಜಗ್ಗಿದರು, ಮೂರನೆಯ ದಿನ ಜರ್ಕು ಕೊಟ್ಟು ಮುಟ್ಟಿದರು. ನಾಲ್ಕನೆಯ ದಿನ ಎದ್ದು ನಿಲ್ಲಲಾಗಲಿಲ್ಲ.

ತಪ್ಪು ಅವರದಷ್ಟೇ ಅಲ್ಲ. ಟಿವಿಯಲ್ಲಿ ಹೇಳುವುದು ಹಿಂದಿ, ಶಿಬಿರದಲ್ಲಿ ಹೇಳುವುದು ಮರಾಠಿ. ಮನೆಯಲ್ಲಿ ಕನ್ನಡವನ್ನೇ ಆಡುವ ಹಿರಿಯ ಹೆಂಗಸರಿಗೆ ‘ಇಷ್ಟೇ ಬಾಗಿ, ಇಲ್ಲಿಗೆ ನಿಲ್ಲಿ’ ಎಂಬ ಸಣ್ಣ ಸೂಚನೆಗಳು ಕಿವಿಗೆ ಹತ್ತುವುದಿಲ್ಲ. ಅವರು ನೋಡಿ ಕಲಿಯುತ್ತಾರೆ. ಪರದೆಯ ಮೇಲೆ ಕಣ್ಣಿಗೆ ಬೀಳುವುದು ಆಸನದ ಕೊನೆಯ ರೂಪ. ಅಲ್ಲಿಗೆ ಹೋಗುವ ದಾರಿಯನ್ನು ಇಲ್ಲಿ ಬರೆದಿದ್ದೇನೆ.

ಹಿನ್ನೆಲೆಯನ್ನು ಬೇಗ ಮುಗಿಸುತ್ತೇನೆ. ಇಂದು ಊರೂರಲ್ಲಿ ಮಾಡುವ ಆಸನಾಭ್ಯಾಸದ ದೊಡ್ಡ ಪಾಲು ಮೈಸೂರಿನಿಂದ ಹರಡಿದ್ದು. ಚಿತ್ರದುರ್ಗ ಸೀಮೆಯಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ಮೈಸೂರು ಅರಮನೆಯ ಆಶ್ರಯದಲ್ಲಿ ಯೋಗಶಾಲೆ ನಡೆಸಿದರು. 1934ರಲ್ಲಿ ‘ಯೋಗ ಮಕರಂದ’ವನ್ನು ಕನ್ನಡದಲ್ಲೇ ಬರೆದರು. ಅವರ ಶಿಷ್ಯ ಬಿ.ಕೆ.ಎಸ್. ಅಯ್ಯಂಗಾರ್ ಕೋಲಾರ ಜಿಲ್ಲೆಯ ಬೆಳ್ಳೂರಿನವರು. 1937ರಲ್ಲಿ ಪುಣೆಗೆ ಬಂದು ಅಲ್ಲೇ ನೆಲೆ ನಿಂತರು, 1975ರಲ್ಲಿ ಅಲ್ಲೇ ತಮ್ಮ ಸಂಸ್ಥೆ ಕಟ್ಟಿದರು. ಚಿಕ್ಕಂದಿನಲ್ಲಿ ಕ್ಷಯ, ಮಲೇರಿಯಾ ಅನುಭವಿಸಿದ ಮೈ ಅವರದು. ಗೋಡೆ, ಕುರ್ಚಿ, ಪಟ್ಟಿ, ಮಡಿಸಿದ ಕಂಬಳಿಗಳ ಆಸರೆಯಲ್ಲಿ, ಬಗ್ಗದ ಮೈಯವರಿಗೂ ಆಸನ ದಕ್ಕುವಂತೆ ಮಾಡಿದವರು ಅವರು. ದುಡಿದು ಗಟ್ಟಿಯಾದ ಮೈಗೆ ಈ ಆಸರೆಯ ಪದ್ಧತಿಯೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಶುರು ಮಾಡುವ ಮುನ್ನ

ಬಿ.ಪಿ., ಹೃದಯದ ತೊಂದರೆ, ಹರ್ನಿಯಾ, ಕಣ್ಣಿನ ಒತ್ತಡದ ಕಾಯಿಲೆ ಇದ್ದವರು, ಇತ್ತೀಚೆಗೆ ಹೊಟ್ಟೆಯ ಆಪರೇಷನ್ ಆದವರು, ಬಸುರಿಯರು ಮೊದಲು ಡಾಕ್ಟರನ್ನು ಕೇಳಬೇಕು. ಟೊಂಕದಿಂದ ಕಾಲಿಗೆ ಜೋಮು ಇಳಿಯುವವರಂತೂ ಕೇಳದೆ ಏನನ್ನೂ ಮಾಡಬಾರದು. ನಲವತ್ತು ದಾಟಿದವರು ಬಿ.ಪಿ.ಯನ್ನು ಒಮ್ಮೆ ನೋಡಿಸಿಕೊಳ್ಳಿ. ನನಗೇನೂ ಇಲ್ಲ ಎನ್ನುವವರಲ್ಲೇ ಅದು ಅಡಗಿರುತ್ತದೆ.

ಸಾಮಾನು ಕೊಳ್ಳುವ ಅಗತ್ಯವಿಲ್ಲ. ಶಹಾಬಾದಿ ಫರಸಿಯ ಮೇಲೆ ಅಗ್ಗದ ಮ್ಯಾಟ್ ಹಾಸಿದರೆ ಅದೇ ಜಾರುತ್ತದೆ. ನಿಂತು ಮಾಡುವುದನ್ನೆಲ್ಲ ಬರಿ ನೆಲದ ಮೇಲೆ, ಬರಿಗಾಲಲ್ಲಿ ಮಾಡಿ. ಮಲಗಲು ಜಮಖಾನೆ ಸಾಕು. ಎರಡು ಸೊಲ್ಲಾಪುರಿ ಚಾದರ, ಒಂದು ಉದ್ದನೆಯ ಟವೆಲ್, ಒಂದು ಗಟ್ಟಿ ಕುರ್ಚಿ, ಆಳುದ್ದದಲ್ಲಿ ಅರ್ಧದಷ್ಟಿರುವ ನೇರ ಕೋಲು, ಖಾಲಿ ಗೋಡೆ ಇದ್ದರಾಯಿತು. ಪ್ಲಾಸ್ಟಿಕ್ ಕುರ್ಚಿ ಬೇಡ, ಕಾಲು ಅಗಲಿಸಿ ಬೀಳಿಸುತ್ತದೆ. ಹೆಂಗಸರು ನಿಂತು ಮಾಡುವುದನ್ನು ಸೀರೆಯಲ್ಲೇ ಮಾಡಬಹುದು. ಮಲಗಿ ಕಾಲೆತ್ತುವುದಕ್ಕೆ ಪಂಜಾಬಿ ಡ್ರೆಸ್ ಅನುಕೂಲ. ಊಟವಾಗಿ ಮೂರು ನಾಲ್ಕು ತಾಸು ಆಗಿರಬೇಕು. ಮುಂಜಾನೆಯ ಚಹಾ ಬಿಡಲಾರದವರು ಅರ್ಧ ಕಪ್ ಕುಡಿದು ಅರ್ಧ ತಾಸು ತಡೆಯಿರಿ.

ಯಾವಾಗ ಶುರು ಮಾಡಬೇಕು? 2015ರಿಂದ ಜೂನ್ 21ರಂದು ಯೋಗ ದಿನ ನಡೆಯುತ್ತಿದೆ, ಬಹಳ ಜನ ಅಂದೇ ಕೈ ಹಾಕುತ್ತಾರೆ. ನಮ್ಮ ಕಡೆ ಅದು ಮಿರಗ ಮುಗಿದು ಆರಿದ್ರಾ ಕೂಡುವ ಹೊತ್ತು. ತೊಗರಿ, ಸೋಯಾ ಬಿತ್ತನೆಯ ಗಡಿಬಿಡಿ. ಮೈ ಮೊದಲೇ ದಣಿದಿರುತ್ತದೆ, ಮೂರನೆಯ ದಿನಕ್ಕೆ ತಪ್ಪಿಹೋಗುತ್ತದೆ. ಬಿಳಿಜೋಳದ ಸುಗ್ಗಿ ಮುಗಿದ ಮೇಲೆ, ಯುಗಾದಿಯ ಆಸುಪಾಸು ಶುರು ಮಾಡಿದವರಿಗೆ ಮಳೆ ಬೀಳುವ ಹೊತ್ತಿಗೆ ರೂಢಿ ಬಿದ್ದಿರುತ್ತದೆ.

ಬಾಗುವುದನ್ನು ಮೊದಲು ಕಲಿಯಿರಿ

ಈ ಭಾಗವನ್ನು ಎರಡು ಸಲ ಓದಿ ಎಂದು ಕೇಳಿಕೊಳ್ಳುತ್ತೇನೆ. ರಾತ್ರಿ ಮಲಗಿದಾಗ ಬೆನ್ನುಮೂಳೆಯ ನಡುವಿನ ಮೆತ್ತೆಗಳು ನೀರು ಹೀರಿ ಉಬ್ಬುತ್ತವೆ. ಅದಕ್ಕೇ ಮುಂಜಾನೆ ನಾವು ಸಂಜೆಗಿಂತ ಒಂದೆರಡು ಸೆಂಟಿಮೀಟರ್ ಎತ್ತರ ಇರುತ್ತೇವೆ. ಎದ್ದು ಓಡಾಡತೊಡಗಿದ ಮೇಲೆ ಆ ಉಬ್ಬು ಇಳಿಯುತ್ತದೆ, ಸುಮಾರು ಅರ್ಧ ಪಾಲು ಮೊದಲ ತಾಸಿನಲ್ಲೇ. ಉಬ್ಬಿದ ಮೆತ್ತೆಯ ಮೇಲೆ ಬೆನ್ನು ಗೂನು ಮಾಡಿ ಬಾಗಿದರೆ ಟೊಂಕದ ಕೀಲುಗಳಿಗೆ, ನಾರುಗಳಿಗೆ ಬೀಳುವ ಭಾರ ಹಗಲಿಗಿಂತ ಬಹಳ ಹೆಚ್ಚು. ಹಾಸಿಗೆಯಿಂದ ಎದ್ದ ಕೂಡಲೇ ಕಾಲ್ಬೆರಳು ಮುಟ್ಟಲು ಹೋಗುವುದು ಇಡೀ ದಿನದಲ್ಲೇ ಅತಿ ಕೆಟ್ಟ ಗಳಿಗೆಯನ್ನು ಆರಿಸಿಕೊಂಡಂತೆ.

ನಮ್ಮವರಿಗೆ ಇನ್ನೂ ಒಂದು ಕಾರಣವಿದೆ. ಸೋಯಾ ಕೊಯ್ಲಿನಲ್ಲಿ ಹೆಂಗಸರನ್ನು ಗಮನಿಸಿ ನೋಡಿ. ಎಡಗೈಯಲ್ಲಿ ಗಿಡದ ಹಿಡಿ, ಬಲಗೈಯಲ್ಲಿ ಕುಡುಗೋಲು, ಕಾಲು ನೆಟ್ಟಗೆ, ಬೆನ್ನು ಕಮಾನು. ಸಾಲು ಮುಗಿಯುವ ತನಕ ನೆಟ್ಟಗಾಗುವುದಿಲ್ಲ, ಬದುವಿಗೆ ಬಂದ ಮೇಲೆ ಟೊಂಕಕ್ಕೆ ಕೈ ಕೊಟ್ಟು ನಿಲ್ಲುತ್ತಾರೆ. ಬಿಳಿಜೋಳ ಕೀಳುವಾಗ, ಕಬ್ಬು ಕಡಿಯುವಾಗಲೂ ಇದೇ ಭಂಗಿ. ಅವರ ಬೆನ್ನು ಮುಂದಕ್ಕೆ ಬಾಗಿ ಬಾಗಿಯೇ ಸವೆದಿದೆ. ಅವರಿಗೆ ಯೋಗವೆಂದು ಮತ್ತೆ ಅದನ್ನೇ ಮೊದಲು ಮಾಡಿಸುವುದು ಅನ್ಯಾಯ. ಕುಳಿತುಕೊಳ್ಳುವುದನ್ನು ನಮ್ಮ ಹಿರಿಯರಿಗೆ ಯಾರೂ ಕಲಿಸಬೇಕಿಲ್ಲ. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ದಿಟ್ಟಿ ನೆಟ್ಟು ಬೆನ್ನು ನೆಟ್ಟಗೆ ಕೂಡುವವರು ಎಷ್ಟೋ ಮನೆಗಳಲ್ಲಿದ್ದಾರೆ. ಕಲಿಯಬೇಕಾದದ್ದು ಬಾಗುವುದನ್ನು. ಬೆನ್ನಿನಿಂದಲ್ಲ, ತೊಡೆ ಸೊಂಟಕ್ಕೆ ಸೇರುವ ಕೀಲಿನಿಂದ ಬಾಗಬೇಕು.

ಇದನ್ನು ಹೀಗೆ ಕಲಿಯಿರಿ. ಕೋಲನ್ನು ಬೆನ್ನ ಹಿಂದೆ ನೆಟ್ಟಗೆ ಹಿಡಿಯಿರಿ. ಒಂದು ಕೈ ಕುತ್ತಿಗೆಯ ಹಿಂದೆ, ಇನ್ನೊಂದು ಟೊಂಕದ ಹಿಂದೆ. ಕೋಲು ಮೂರು ಕಡೆ ತಾಗಬೇಕು: ಹಿಂದಲೆ, ಎರಡು ಹೆಗಲೆಲುಬುಗಳ ನಡುವೆ, ಕುಂಡಿಯ ನಡುವಿನ ಎಲುಬು. ಗೋಡೆಗೆ ಬೆನ್ನು ಮಾಡಿ ಒಂದು ಪಾದದಷ್ಟು ದೂರ ನಿಲ್ಲಿ. ಮೊಣಕಾಲು ತುಸು ಸಡಿಲ ಬಿಡಿ. ಈಗ ತಲೆ ಮುಂದೆ ಹಾಕುವ ಯೋಚನೆ ಬಿಟ್ಟು, ಕುಂಡಿಯನ್ನು ಹಿಂದಕ್ಕೆ ಒಯ್ದು ಗೋಡೆಗೆ ತಾಗಿಸಿ. ಮೈ ತಾನಾಗಿ ಮುಂದೆ ವಾಲುತ್ತದೆ. ಮೂರರಲ್ಲಿ ಯಾವುದೇ ಒಂದು ಕಡೆ ಕೋಲು ಬಿಟ್ಟುಕೊಂಡರೆ ಅಲ್ಲಿಗೆ ನಿಲ್ಲಿಸಿ. ಸದ್ಯಕ್ಕೆ ನಿಮ್ಮ ಮಿತಿ ಅಷ್ಟೇ. ಮೊದಲು ಬಿಡುವುದು ಸಾಮಾನ್ಯವಾಗಿ ಕೆಳಗಿನದು. ಎಂಟು ಹತ್ತು ಸಲ ಮಾಡಿ. ನಾಲ್ಕೈದು ದಿನ ಬರಿ ಇದನ್ನೇ ಮಾಡಿದರೂ ಹೊತ್ತು ವ್ಯರ್ಥವಲ್ಲ. ಇದು ಕೈವಶವಾದರೆ ಹೊಲದಲ್ಲೂ, ಕೊಡ ಎತ್ತುವಾಗಲೂ ಮೈ ಹೀಗೇ ಬಾಗತೊಡಗುತ್ತದೆ. ಹೊಲದ ಮಂದಿಗೆ ಯೋಗದ ಮೊದಲ ಲಾಭ ಇದೇ ಎಂದು ನಾನು ನಂಬಿದ್ದೇನೆ.

‘ಮೊಣಕಾಲು ಮಡಿಸಿದರೆ ಆಸನ ಕೆಡುತ್ತದೆ’ ಎಂದು ಯಾರಾದರೂ ಗದರಿದರೆ ಕಿವಿಗೆ ಹಾಕಿಕೊಳ್ಳಬೇಡಿ. ತೊಡೆಯ ಹಿಂದಿನ ಸ್ನಾಯು ಬಿಗಿಯಾಗಿದ್ದಾಗ ಮೊಣಕಾಲು ಬಿಗಿದರೆ ಸೊಂಟ ತಿರುಗುವುದಿಲ್ಲ, ಉಳಿದ ಬಾಗೆಲ್ಲ ಟೊಂಕದ ಮೇಲೆ ಬೀಳುತ್ತದೆ.

ದಿನದ ಕ್ರಮ

ಎದ್ದ ಮೇಲೆ ಕಸ, ನೀರು, ಹಾಲು ಕರೆಯುವುದು ಮುಗಿಸಿ, ಒಂದು ತಾಸು ಕಳೆದ ಮೇಲೆ ಯೋಗಕ್ಕೆ ನಿಲ್ಲಿ. ಅಂಗಳದಲ್ಲಿ ಐದು ನಿಮಿಷ ನಡೆಯಿರಿ. ಕಾಲಗಂಟು, ಮೊಣಕಾಲು, ಹೆಗಲುಗಳನ್ನು ತಿರುಗಿಸಿ ಸಡಿಲ ಮಾಡಿ. ಕುತ್ತಿಗೆಯನ್ನು ಗಿರ್ರನೆ ತಿರುಗಿಸಬೇಡಿ; ಎಡಕ್ಕೆ, ಬಲಕ್ಕೆ, ಕೆಳಕ್ಕೆ ಸಾಕು.

ತಾಡಾಸನ: ಗೋಡೆಗೆ ಬೆನ್ನು ಕೊಟ್ಟು ನಿಂತು, ಎರಡೂ ಪಾದಗಳಿಗೆ ಸಮ ಭಾರ ಹಾಕಿ. ಉಸಿರು ಎಳೆಯುತ್ತ ಕೈ ಮೇಲೆತ್ತಿ, ಬಿಡುತ್ತ ಇಳಿಸಿ. ಆಮೇಲೆ ಗೋಡೆಗೆ ಮುಖ ಮಾಡಿ ಸೊಂಟದ ಎತ್ತರಕ್ಕೆ ಅಂಗೈ ಊರಿ, ಹಿಂದೆ ಹೆಜ್ಜೆಯಿಟ್ಟು, ಮೇಲೆ ಹೇಳಿದಂತೆ ಸೊಂಟದ ಕೀಲಿನಿಂದ ಬಾಗಿ, ಬೆನ್ನು ಉದ್ದವಾಗಲಿ. ಐದು ಉಸಿರು.

ಮಲಗಿ. ಒಂದು ಕಾಲು ಮಡಿಸಿ ಪಾದ ನೆಲಕ್ಕೂರಿ, ಇನ್ನೊಂದು ಪಾದಕ್ಕೆ ಟವೆಲ್ ಹಾಕಿ ಎರಡೂ ತುದಿ ಹಿಡಿದು ಕಾಲು ಮೇಲೆತ್ತಿ. ತೊಡೆಯ ಹಿಂದೆ ಹದವಾಗಿ ಜಗ್ಗಿದಂತಾದಾಗ ನಿಲ್ಲಿಸಿ, ಕುಂಡಿ ನೆಲ ಬಿಡಬಾರದು. ಇದು ಸುಪ್ತ ಪಾದಾಂಗುಷ್ಠಾಸನದ ಸುಲಭ ರೂಪ. ಕಾಲ್ಬೆರಳು ಮುಟ್ಟಬೇಕೆಂಬ ಆಸೆಯುಳ್ಳವರು ಅದನ್ನು ತೀರಿಸಿಕೊಳ್ಳಬೇಕಾದ ದಾರಿ ಇದು. ಬೆನ್ನಿಗೆ ನೆಲದ ಆಸರೆ ಇರುವುದರಿಂದ ಪೆಟ್ಟು ಬೀಳುವುದಿಲ್ಲ.

ಬೋರಲಾಗಿ ಭುಜಂಗಾಸನ: ಹೊಕ್ಕಳು ನೆಲ ಬಿಡದಷ್ಟೇ ಎದೆಯೆತ್ತಿ, ಕೈಯಿಂದ ದೂಡಿ ಎತ್ತರಕ್ಕೇರುವ ಪೈಪೋಟಿ ಬೇಡ. ಶಲಭಾಸನದಲ್ಲಿ ಒಂದೊಂದೇ ಕಾಲು. ಮತ್ತೆ ಅಂಗಾತ ಮಲಗಿ ಸೇತುಬಂಧಾಸನ. ದಿನವಿಡೀ ಮುಂದಕ್ಕೆ ಬಾಗುವ ಬೆನ್ನಿಗೆ ಈ ಮೂರು ತಕ್ಕ ಪರಿಹಾರ. ಕೊಯ್ಲಿನ ದಿನಗಳಲ್ಲಿ ಬೇರೆಲ್ಲ ಬಿಟ್ಟರೂ ಸಂಜೆ ಇವನ್ನು ಮಾಡಿ, ಆಮೇಲೆ ಕಾಲನ್ನು ಗೋಡೆಗೆ ಚಾಚಿ ಐದು ನಿಮಿಷ ಮಲಗಿ.

ಕೊನೆಗೆ ದಂಡಾಸನ. ಚಾದರ ನಾಲ್ಕು ಮಡಿಕೆ ಮಾಡಿ ಅದರ ಅಂಚಿನ ಮೇಲೆ ಕುಳಿತು ಕಾಲು ಚಾಚಿ. ಬೆನ್ನು ಹಿಂದೆ ಬಿದ್ದರೆ ಇನ್ನೊಂದು ಚಾದರ ಸೇರಿಸಿ. ಪಶ್ಚಿಮೋತ್ತಾನಾಸನ ಮೊದಲ ಎರಡು ತಿಂಗಳು ಬೇಡವೇ ಬೇಡ.

ಸೂರ್ಯನಮಸ್ಕಾರವನ್ನು ಒಂದು ತಿಂಗಳ ಮೇಲೆ ಸೇರಿಸಿ. ಅದರ ಹನ್ನೆರಡು ಹಂತಗಳಲ್ಲಿ ಮೂರನೆಯದೂ ಹತ್ತನೆಯದೂ ಮುಂದಕ್ಕೆ ಬಾಗುವುದೇ. ಹನ್ನೆರಡು ಸುತ್ತು ಹಾಕಿದರೆ ಇಪ್ಪತ್ನಾಲ್ಕು ಸಲ ಬಾಗಿದಿರಿ ಎಂದರ್ಥ. ಆ ಎರಡು ಹಂತಗಳಲ್ಲಿ ಮೊಣಕಾಲು ಮಡಿಸಿ, ಕೈಯನ್ನು ಕುರ್ಚಿಯ ಮೇಲೆ ಊರಿ. ಎರಡು ಸುತ್ತಿನಿಂದ ಶುರು ಮಾಡಿ. ಎಣಿಕೆಯ ಪಂದ್ಯ ಹುಡುಗರಿಗಿರಲಿ.

ಪ್ರಾಣಾಯಾಮಕ್ಕೆ ಜಾಗ ಕಡಿಮೆ ಉಳಿದಿದೆ, ಬೇಕಾದಷ್ಟನ್ನು ಹೇಳುತ್ತೇನೆ. ಮೊದಲ ತಿಂಗಳು ಮೂಗಿನಿಂದ ನಿಧಾನ ಎಳೆದು, ಅದಕ್ಕಿಂತ ನಿಧಾನ ಬಿಡುವುದು, ಐದು ನಿಮಿಷ. ಆಮೇಲೆ ನಾಡಿಶೋಧನ, ಉಸಿರು ಕಟ್ಟದೆ. ಕಪಾಲಭಾತಿಯನ್ನು ಕಲಿಸುವವರ ಎದುರಿನಲ್ಲಷ್ಟೇ ಮಾಡಿ, ಬಿ.ಪಿ., ಹೃದಯದ ತೊಂದರೆ, ಹರ್ನಿಯಾ ಇದ್ದವರು, ಬಸುರಿಯರು ಮಾಡಬಾರದು. ಮುಟ್ಟಿನ ದಿನಗಳಲ್ಲಿ ಮಲಗಿ ಮಾಡುವುದಷ್ಟೇ, ಅದೂ ಮನಸ್ಸಿದ್ದರೆ. ಶವಾಸನ ಐದು ನಿಮಿಷ, ಮೊಣಕಾಲ ಕೆಳಗೆ ಸುತ್ತಿದ ಚಾದರ ಇಟ್ಟುಕೊಂಡು. ಏಳುವಾಗ ಬಲ ಮಗ್ಗುಲಿಗೆ ಹೊರಳಿ, ಕೈಯೂರಿ ಏಳಿ. ಎಲ್ಲ ಸೇರಿ ಅರ್ಧ ತಾಸು, ವಾರದಲ್ಲಿ ಐದು ದಿನ. ಸ್ನಾಯು ನೋವು ಎರಡು ದಿನದಲ್ಲಿ ಇಳಿಯಬೇಕು. ಇಳಿಯದಿದ್ದರೆ, ಇಲ್ಲವೆ ಕಾಲಿಗೆ ಜೋಮು ಇಳಿದರೆ, ಎಲ್ಲ ನಿಲ್ಲಿಸಿ ಎಲುಬಿನ ಡಾಕ್ಟರಿಗೆ ತೋರಿಸಿ. ಆ ಹೊತ್ತಿನಲ್ಲಿ ಟೊಂಕ ತಿಕ್ಕುವವರ ಹತ್ತಿರ ಹೋಗಬೇಡಿ.