ಡಿಶ್ ಜೋಡಣೆ: ಸಿಗ್ನಲ್ ಪಕ್ಕಾ ಹಿಡಿಯಲು 10 ಸೂತ್ರಗಳು

ಐಟಿಐ ಮುಗಿಸಿದ್ದೀರಾ? ಡಿಪ್ಲೊಮಾ ಓದುತ್ತಾ ಭಾನುವಾರ ಕೈಖರ್ಚಿಗೆ ದುಡಿಯಬೇಕೆಂದಿದ್ದೀರಾ? ಟಿವಿ ಅಂಗಡಿಗೆ ಹೊಸದಾಗಿ ಸೇರಿದ್ದೀರಾ? ಹಾಗಾದರೆ ಡಿಶ್ ಫಿಟ್ಟಿಂಗ್ ಕಲಿಯಿರಿ. "ಅದಕ್ಕೆಲ್ಲ ವರ್ಷಗಟ್ಟಲೆ ಅನುಭವ ಬೇಕು, ನನ್ನ ಕೈಲಾಗಲ್ಲ" ಅನ್ನುವುದು ನಾಲಿಗೆಗೆ ಅಂಟಿದ ಚಾಳಿ, ಬಿಟ್ಟುಬಿಡಿ. ಇಲ್ಲಿ ಬೇಕಾಗಿರುವುದು ಎರಡು ಕೋನ, ಒಂದು ಸ್ಪ್ಯಾನರ್, ಅವಸರ ಮಾಡದ ಕೈ. ತಿಂಗಳ ಚಂದಾ ಇಲ್ಲದ ಡಿಡಿ ಫ್ರೀ ಡಿಶ್ ಇಟ್ಟುಕೊಂಡೇ ಕಲಿಯೋಣ. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಶುರುವಾದ ಸೇವೆ ಇದು.

1. ಉಪಗ್ರಹ ಎಲ್ಲಿದೆ ಎಂದು ಮೊದಲು ತಿಳಿಯಿರಿ.
ಫ್ರೀ ಡಿಶ್ ಬರುವುದು ಇಸ್ರೋದ ಜಿಸ್ಯಾಟ್-15ರಿಂದ. 2015ರ ನವೆಂಬರ್‌ನಲ್ಲಿ ಹಾರಿದ್ದು. ಸಮಭಾಜಕ ವೃತ್ತದ ನೇರಕ್ಕೆ 35,786 ಕಿ.ಮೀ. ಎತ್ತರದಲ್ಲಿ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ ನಿಂತಿದೆ. ಅದು ಜಾಗ ಬಿಟ್ಟು ಜರುಗದಂತೆ ಕಾಯುವುದು ನಮ್ಮ ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ. ಅಂದರೆ ಮೇಲಿನ ತುದಿ ಭದ್ರವಾಗಿದೆ, ತಪ್ಪಾದರೆ ಅದು ತಾರಸಿಯ ಮೇಲೆಯೇ. ಡಿಶ್ ಒಂದೇ ಒಂದು ಡಿಗ್ರಿ ಆಚೀಚೆಯಾದರೂ ಅಷ್ಟು ದೂರದಲ್ಲಿ ಗುರಿ 600 ಕಿ.ಮೀ.ಗೂ ಹೆಚ್ಚು ತಪ್ಪುತ್ತದೆ.

2. ಪಕ್ಕದ ಮನೆಯ ಡಿಶ್ ನೋಡಿ ಕಾಪಿ ಹೊಡೆಯಬೇಡಿ.
ಹೊಸಬರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಬೆಂಗಳೂರಿನಿಂದ ಫ್ರೀ ಡಿಶ್‌ಗೆ ದಿಕ್ಕು ಉತ್ತರದಿಂದ ಎಣಿಸಿದರೆ 128 ಡಿಗ್ರಿ, ಅಂದರೆ ಹೆಚ್ಚುಕಡಿಮೆ ಆಗ್ನೇಯ. ಎತ್ತರದ ಕೋನ 66. ಟಾಟಾ ಪ್ಲೇಗೆ ಉಪಗ್ರಹ 83 ಡಿಗ್ರಿ ಪೂರ್ವದಲ್ಲಿದೆ, ಹಾಗಾಗಿ ಡಿಶ್ ದಕ್ಷಿಣಕ್ಕೆ ವಾಲಿ 157ಕ್ಕೆ ಹೋಗುತ್ತದೆ, ಎತ್ತರ 73 ದಾಟುತ್ತದೆ. ಏರ್‌ಟೆಲ್‌ನದು 108.2ರಲ್ಲಿ, ಅದಕ್ಕೆ ಡಿಶ್ ಪೂರ್ವಕ್ಕೆ ಹೊರಳಿ 111ಕ್ಕೆ ಬಂದು, ಎತ್ತರ 52ಕ್ಕೆ ಇಳಿಯುತ್ತದೆ. ಒಂದೇ ಬೀದಿ, ಮೂರು ಕಂಪನಿ, ಮೂರು ದಿಕ್ಕು. ಊರು ಬದಲಾದರೂ ಲೆಕ್ಕ ಬದಲಾಗುತ್ತದೆ: ಫ್ರೀ ಡಿಶ್‌ಗೆ ಬೀದರ್‌ನಲ್ಲಿ ದಿಕ್ಕು 137, ಎತ್ತರ 62, ಮಂಗಳೂರಿನಲ್ಲಿ 123 ಮತ್ತು 64ರ ಹತ್ತಿರ. ನಿಮ್ಮ ಊರಿನ ಎರಡು ಅಂಕಿ ಬರೆದುಕೊಂಡೇ ಏಣಿ ಹತ್ತಿ.

3. ಜಾಗ ಆರಿಸಲು ಬಿಸಿಲನ್ನೇ ಕೇಳಿ.
ತೆಂಗಿನ ಗರಿ, ಎದುರುಮನೆಯ ಮೂರನೇ ಮಹಡಿ, ನೀರಿನ ಟ್ಯಾಂಕ್: ಯಾವುದು ಅಡ್ಡ ಬಂದರೂ ಸಿಗ್ನಲ್ ಇಲ್ಲ. ಮಾರ್ಚ್ ಮಧ್ಯದಲ್ಲಿ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ ಕೆಲವು ದಿನ ಸೂರ್ಯ ಸರಿಯಾಗಿ ಉಪಗ್ರಹದ ಬೆನ್ನಿಗೇ ಬರುತ್ತಾನೆ. ಬೆಂಗಳೂರಿಗೆ, ಫ್ರೀ ಡಿಶ್ ಉಪಗ್ರಹಕ್ಕೆ, ಅದು ಬೆಳಿಗ್ಗೆ 11ರ ಆಸುಪಾಸು. ಆ ಹೊತ್ತಿಗೆ ಡಿಶ್ ಕೂರಿಸಬೇಕಾದ ಜಾಗದಲ್ಲಿ ಬಿಸಿಲು ಬಿದ್ದಿದೆಯೇ? ದಾರಿ ಸಲೀಸು. ನೆರಳಿದೆಯೇ? ಜಾಗ ಬದಲಿಸಿ. (ಅದೇ ದಿನಗಳಲ್ಲಿ ಸೂರ್ಯನ ರೇಡಿಯೊ ಅಲೆಗಳ ಗದ್ದಲಕ್ಕೆ ಟಿವಿ ಕೆಲವು ನಿಮಿಷ ಕೈಕೊಡುವುದೂ ಉಂಟು. ಗ್ರಾಹಕರು ಫೋನ್ ಮಾಡಿದರೆ ಗಾಬರಿಬಿದ್ದು ಓಡಬೇಡಿ.) ಉಳಿದ ದಿನಗಳಲ್ಲಿ ಮೊಬೈಲ್‌ನ ಕೋನ ಅಳೆಯುವ ಆ್ಯಪ್ ಹಿಡಿದು ನಿಮ್ಮ ಊರಿನ ಎತ್ತರದ ಕೋನಕ್ಕೆ, ಬೆಂಗಳೂರಾದರೆ 66 ಡಿಗ್ರಿಗೆ, ಕಣ್ಣು ಹಾಯಿಸಿ. ಗಿಡ ಬೆಳೆಯುತ್ತದೆ ಎನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ.

4. ಕಂಬ ನೆಟ್ಟಗಿರಲಿ.
ರಸಮಟ್ಟವನ್ನು ಕಂಬಕ್ಕೆ ಎರಡು ಬದಿಯಲ್ಲಿ ಇಟ್ಟು ನೋಡಿ. ಕಂಬ ಓರೆಯಾದರೆ ದಿಕ್ಕು ತಿರುಗಿಸಿದಂತೆಲ್ಲ ಎತ್ತರವೂ ಜಾರುತ್ತದೆ, ನೀವು ಎರಡರ ಹಿಂದೆಯೂ ಓಡಾಡಬೇಕಾಗುತ್ತದೆ. ಬರೀ ಇಟ್ಟಿಗೆಗೆ ಬೋಲ್ಟ್ ಹೊಡೆಯಬೇಡಿ, ಕಾಂಕ್ರೀಟ್ ಹುಡುಕಿ. ಆಷಾಢದ ಗಾಳಿಗೆ ಡಿಶ್ ಹಾಯಿಯಂತೆ ತುಂಬಿಕೊಳ್ಳುತ್ತದೆ.

5. ದಿಕ್ಸೂಚಿಯನ್ನು ಕಬ್ಬಿಣದಿಂದ ದೂರ ಹಿಡಿಯಿರಿ.
ಕಂಬದ ಪಕ್ಕ ನಿಂತು ಮೊಬೈಲ್ ನೋಡಿದರೆ ಅದು ಸುಳ್ಳು ಹೇಳುತ್ತದೆ. ಐದಾರು ಹೆಜ್ಜೆ ಹಿಂದೆ ಸರಿದು ದಿಕ್ಕು ಗುರುತಿಸಿ, ಆ ನೇರಕ್ಕೆ ದೂರದಲ್ಲಿ ಕಾಣುವ ಒಂದು ಕಟ್ಟಡವನ್ನೋ ಟವರನ್ನೋ ಗುರಿಯಾಗಿಟ್ಟುಕೊಳ್ಳಿ.

6. ಎತ್ತರಕ್ಕೆ ಬ್ರಾಕೆಟ್‌ನ ಗೆರೆ ನಂಬಿ, ಕಣ್ಣನ್ನಲ್ಲ.
ಮನೆಯ ಡಿಶ್‌ಗಳು ಆಫ್‌ಸೆಟ್ ಮಾದರಿಯವು. ಮುಖ ಕಾಣುವುದು ಒಂದು ಕಡೆ, ಸಿಗ್ನಲ್ ಹಿಡಿಯುವುದು ಅದಕ್ಕಿಂತ 20ರಿಂದ 26 ಡಿಗ್ರಿ ಮೇಲಿನಿಂದ. ಡಿಶ್ ಮುಖಕ್ಕೆ ಫೋನ್ ಆನಿಸಿ 66 ಬರಲಿ ಎಂದು ಕಾಯುತ್ತಾ ಕುಳಿತರೆ ಸಂಜೆಯಾದೀತು. ಬ್ರಾಕೆಟ್ ಮೇಲಿನ ಗೆರೆಗಳಲ್ಲಿ ಈ ಲೆಕ್ಕ ಮೊದಲೇ ಕಳೆದಿರುತ್ತದೆ. ಅಲ್ಲಿ ನಿಮ್ಮ ಊರಿನ ಅಂಕಿಗೆ (ಬೆಂಗಳೂರಾದರೆ 66ಕ್ಕೆ) ಇಟ್ಟು, ನಟ್ಟನ್ನು ಅರ್ಧ ಬಿಗಿ ಮಾಡಿ.

7. ನಿಧಾನವಾಗಿ ತಿರುಗಿಸಿ. ಇನ್ನೂ ನಿಧಾನ.
ಇಡೀ ಕೆಲಸದ ಜೀವ ಇರುವುದು ಇಲ್ಲಿ. ಸೆಟ್‌ಟಾಪ್ ಬಾಕ್ಸ್ ಮೆನುವಿನಲ್ಲಿ ಎಲ್‌ಎನ್‌ಬಿ (ಡಿಶ್ ತೋಳಿನ ತುದಿಯ, ಸಿಗ್ನಲ್ ಹಿಡಿಯುವ ಭಾಗ) ಆಯ್ಕೆ 9750/10600 ಇರಲಿ. ಪರದೆಯಲ್ಲಿ ಎರಡು ಪಟ್ಟಿ ಕಾಣುತ್ತವೆ. ಸ್ಟ್ರೆಂತ್ ನೋಡಿ ಕುಣಿಯಬೇಡಿ. ಕೇಬಲ್ ಸರಿಯಾಗಿದ್ದು ಎಲ್‌ಎನ್‌ಬಿಗೆ ಕರೆಂಟ್ ಹೋಗುತ್ತಿದ್ದರೆ ಡಿಶ್ ಗೋಡೆ ನೋಡುತ್ತಿದ್ದರೂ ಅದು ಮೇಲೇರುತ್ತದೆ. ಲೆಕ್ಕಕ್ಕೆ ಬರುವುದು ಕ್ವಾಲಿಟಿ. ಕೆಳಗೆ ಒಬ್ಬರನ್ನು ಕೂರಿಸಿ, ವಿಡಿಯೋ ಕಾಲ್‌ನಲ್ಲಿ ಪರದೆ ತೋರಿಸಲು ಹೇಳಿ. ಡಿಶ್ಶನ್ನು ಬೆರಳಗಲ ತಿರುಗಿಸಿ, ನಿಲ್ಲಿ, ಎರಡು ಮೂರು ಸೆಕೆಂಡ್ ಕಾಯಿರಿ. ಬಾಕ್ಸ್‌ಗೆ ಸಿಗ್ನಲ್ ಗುರುತಿಸಲು ಅಷ್ಟು ಹೊತ್ತು ಬೇಕು. ಸರ್ರನೆ ತಿರುಗಿಸಿದರೆ ಉಪಗ್ರಹ ದಾಟಿ ಹೋಗಿದ್ದೇ ಗೊತ್ತಾಗುವುದಿಲ್ಲ. ಸಿಗಲಿಲ್ಲವೇ? ಎತ್ತರ ಎರಡು ಡಿಗ್ರಿ ಬದಲಿಸಿ ಮತ್ತೆ ತಿರುಗಿಸಿ.

ಕ್ವಾಲಿಟಿ ಎದ್ದಿತೇ? ಈಗ ತುದಿ ಹುಡುಕಿ. ಎಡಕ್ಕೆ ಸರಿಸುತ್ತಾ ಹೋಗಿ, ಅಂಕಿ ಇಳಿದು 40ಕ್ಕೆ ಬಂದಲ್ಲಿ ಕಂಬದ ಮೇಲೆ ಪೆನ್ಸಿಲ್ ಗೆರೆ ಎಳೆಯಿರಿ. ಬಲಕ್ಕೆ ಸರಿಸಿ, ಮತ್ತೆ 40 ಆದಲ್ಲಿ ಇನ್ನೊಂದು ಗೆರೆ. ಡಿಶ್ ನಿಲ್ಲಬೇಕಾದದ್ದು ಎರಡರ ನಟ್ಟನಡುವೆ. ಎತ್ತರಕ್ಕೂ ಹೀಗೇ ಮಾಡಿ. ಕೊನೆಗೆ ಎಲ್‌ಎನ್‌ಬಿಯನ್ನು ಅದರ ಹಿಡಿಯಲ್ಲೇ ಸ್ವಲ್ಪ ಸ್ವಲ್ಪ ಹೊರಳಿಸಿ, ಅಂಕಿ ಅತಿ ಹೆಚ್ಚಾದಲ್ಲಿ ಬಿಡಿ. ಅಡ್ಡ ಮತ್ತು ಉದ್ದ ಅಲೆಗಳು ಒಂದರ ಮೇಲೊಂದು ಬೀಳದಂತೆ ಬೇರ್ಪಡುವುದು ಆ ಹೊರಳಿಕೆಯಿಂದಲೇ. ನಟ್ಟುಗಳನ್ನು ಒಂದಾದ ಮೇಲೊಂದರಂತೆ, ಸುತ್ತು ಸುತ್ತಾಗಿ ಬಿಗಿ ಮಾಡಿ. ಒಂದನ್ನೇ ಪೂರ್ತಿ ತಿರುವಿದರೆ ಡಿಶ್ ಆ ಕಡೆಗೆ ಎಳೆದುಕೊಳ್ಳುತ್ತದೆ.

8. ಹಿಡಿದದ್ದು ಯಾವ ಉಪಗ್ರಹ ಎಂದು ಖಾತ್ರಿ ಮಾಡಿಕೊಳ್ಳಿ.
ಡಿಶ್ ಟಿವಿ ಉಪಗ್ರಹ 95 ಡಿಗ್ರಿಯಲ್ಲಿದೆ, ಫ್ರೀ ಡಿಶ್‌ಗೆ ಬರೀ ಒಂದೂವರೆ ಡಿಗ್ರಿ ಪಕ್ಕ. ಕೀ ಕೀ ಎನ್ನುವ ಸಣ್ಣ ಫೈಂಡರ್ ಮೀಟರ್ ಎರಡಕ್ಕೂ ಕೂಗುತ್ತದೆ, ಯಾವುದೆಂದು ಹೇಳುವುದಿಲ್ಲ. ಸ್ಕ್ಯಾನ್ ಮಾಡಿ, ಡಿಡಿ ಚಂದನ ಚಿತ್ರ ಬರುವವರೆಗೆ ಏಣಿ ತೆಗೆಯಬೇಡಿ.

9. ಕೇಬಲ್‌ನಲ್ಲಿ ಕಾಸು ಉಳಿಸಬೇಡಿ.
75 ಓಮ್‌ನ ಆರ್‌ಜಿ-6 ಕೇಬಲ್ಲೇ ಇರಲಿ, ನಡುವೆ ಗಂಟು ಹಾಕಿದ ಜಾಯಿಂಟ್ ಬೇಡ. ಕನೆಕ್ಟರ್ ಹಾಕುವಾಗ ಹೊರಜಾಲರಿಯ ಒಂದು ಎಳೆಯೂ ಒಳತಂತಿಗೆ ತಾಗಬಾರದು. ಬಾಕ್ಸ್‌ನಿಂದ 13 ಅಥವಾ 18 ವೋಲ್ಟ್ ಇದೇ ಕೇಬಲ್‌ನಲ್ಲಿ ಮೇಲೆ ಹೋಗುತ್ತದೆ, ಶಾರ್ಟ್ ಆದರೆ ಬಾಕ್ಸ್‌ಗೇ ಪೆಟ್ಟು. ಅದಕ್ಕೇ ಜೋಡಿಸುವ ಮುಂಚೆ ಸ್ವಿಚ್ ಆರಿಸಿ. ಕೇಬಲ್ ಮನೆಯೊಳಗೆ ಹೋಗುವ ಮುನ್ನ ಕೆಳಕ್ಕೊಂದು ಬಾಗು ಕೊಡಿ, ಮಳೆನೀರು ಅಲ್ಲೇ ತೊಟ್ಟಿಕ್ಕಲಿ. ಮಲೆನಾಡು, ಕರಾವಳಿಯ ಮನೆಯಾದರೆ 60 ಸೆಂ.ಮೀ. ಬದಲು 90 ಸೆಂ.ಮೀ. ಡಿಶ್‌ಗೆ ಗ್ರಾಹಕರನ್ನು ಒಪ್ಪಿಸಿ. ಈ ಸಿಗ್ನಲ್ ಬರುವ ಕೆಯು ಬ್ಯಾಂಡ್ ಅಲೆ ಜೋರು ಮಳೆಗೆ ಸೊರಗುತ್ತದೆ, ದೊಡ್ಡ ಡಿಶ್ ಎರಡು ಪಟ್ಟಿಗೂ ಹೆಚ್ಚು ಸಿಗ್ನಲ್ ಬಾಚಿಕೊಳ್ಳುತ್ತದೆ. ವಿದ್ಯುತ್ ತಂತಿ ಹತ್ತಿರ ಕಬ್ಬಿಣದ ಕಂಬ ಎತ್ತಲೇಬೇಡಿ. ಗುಡುಗು ಕೇಳಿಸಿತೇ, ಕೆಳಗಿಳಿಯಿರಿ. ಕೆಲಸ ನಾಳೆಯೂ ಇರುತ್ತದೆ.

10. ಅಂಕಿ ತೋರಿಸಿ, ಆಮೇಲೆ ಬಿಲ್ ಕೊಡಿ.
ದಿಕ್ಕು, ಎತ್ತರ, ಕ್ವಾಲಿಟಿ ಮೂರನ್ನೂ ಚೀಟಿಯಲ್ಲಿ ಬರೆದು ಬಾಕ್ಸ್‌ನ ತಳಕ್ಕೆ ಅಂಟಿಸಿ, ಮೊಬೈಲ್‌ನಲ್ಲಿ ಫೋಟೋ ಇಟ್ಟುಕೊಳ್ಳಿ. ಆರು ತಿಂಗಳ ಮೇಲೆ "ಬರ್ತಿಲ್ಲ ಕಣಪ್ಪ" ಎಂದು ಅಮ್ಮನೊಬ್ಬರು ಫೋನ್ ಮಾಡಿದಾಗ ಹಳೆಯ ಅಂಕಿ ಕೈಯಲ್ಲಿದ್ದರೆ ಡಿಶ್ ಅಲುಗಿದೆಯೋ ಕನೆಕ್ಟರ್ ತುಕ್ಕು ಹಿಡಿದಿದೆಯೋ ಎಂದು ಬೇಗ ಪತ್ತೆಯಾಗುತ್ತದೆ. ಕೂಲಿ ಕೇಳಲು ಮುಜುಗರ ಬೇಡ. ಹೇಳಿದ ದಿನ ಹೋಗಿ, ಲೆಕ್ಕ ಹಾಕಿ ಕೂರಿಸಿ, ಬರೆದಿಟ್ಟು ಬರುವವನಿಗೆ ಮುಂದಿನ ಮನೆಯ ಕೆಲಸವನ್ನು ಅದೇ ಬೀದಿಯವರು ಹೇಳಿಕಳಿಸುತ್ತಾರೆ.